ಕೂಡಿ ದುಡಿಯುವ ವಿದ್ಯೆ: ಪೆಡಣೆ ಸುರಂಗದಿಂದ ಕಲಿಯಬಹುದಾದ ಪಾಠ

ಮ್ಹಾಪಸಾ ಪೇಟೆಯಿಂದ ಪೂರ್ವಕ್ಕೆ ಸುಮಾರು ಹತ್ತು ಕಿಲೋಮೀಟರು ಹೋದರೆ ಥಿವಿ ರೈಲು ನಿಲ್ದಾಣ ಸಿಗುತ್ತದೆ. ಬಾರ್ದೇಶ ತಾಲ್ಲೂಕಿನವರು ಮುಂಬಯಿಗೆ ಹೋಗಲಿ, ಕಾರವಾರ, ಉಡುಪಿ, ಮಂಗಳೂರುಗಳಿಗೆ ಹೋಗಲಿ, ಹತ್ತುವುದು ಬಹುಮಟ್ಟಿಗೆ ಇಲ್ಲಿಯೇ. ಇಲ್ಲಿಂದ ಉತ್ತರಕ್ಕೆ ಮುಂದಿನ ನಿಲ್ದಾಣ ಪೆಡಣೆ. ಇಂಗ್ಲಿಷಿನಲ್ಲಿ ಇದನ್ನು ಪೆರ್ನೆಮ್ ಎಂದು ಬರೆಯುತ್ತಾರೆ. ಪೆಡಣೆಯನ್ನು ದಾಟಿದ ರೈಲು ಮಹಾರಾಷ್ಟ್ರದ ಕಡೆಗೆ ಹೋಗುವಾಗ ಒಂದೂವರೆ ಕಿಲೋಮೀಟರು ಉದ್ದದ ಸುರಂಗವನ್ನು ಹೊಕ್ಕು ಒಂದೆರಡು ನಿಮಿಷಗಳಲ್ಲಿ ಹೊರಗೆ ಬರುತ್ತದೆ. ಕಿಟಕಿಯ ಪಕ್ಕದಲ್ಲಿ ಕುಳಿತ ಮಕ್ಕಳು ಕೂಗು ಹಾಕುತ್ತಾರೆ. ದೊಡ್ಡವರು ಮಾತು ನಿಲ್ಲಿಸಿ, ಬೆಳಕು ಬಂದ ಮೇಲೆ ಮುಂದುವರಿಸುತ್ತಾರೆ.

ಈ ಒಂದೆರಡು ನಿಮಿಷದ ಕತ್ತಲೆ ದಾರಿಯನ್ನು ಮಾಡುವುದಕ್ಕೆ ಮನುಷ್ಯರಿಗೆ ಐದಾರು ವರ್ಷ ಹಿಡಿಯಿತು. ಅಲ್ಲಿ ಜೀವ ಕಳೆದುಕೊಂಡವರೂ ಇದ್ದಾರೆ. ಹಲವರು ಕೂಡಿ ಒಂದು ಕೆಲಸ ಮಾಡುವಾಗ ಅವರ ನಡುವೆ ಮಾತು ಹೇಗಿರಬೇಕು, ವಿಶ್ವಾಸ ಹೇಗೆ ಬೆಳೆಯುತ್ತದೆ, ಮುಂದಾಳುತನ ಎಂದರೇನು ಎಂಬುದನ್ನು ಈ ಸುರಂಗವನ್ನೂ ಅದು ಸೇರಿರುವ ರೈಲುಮಾರ್ಗವನ್ನೂ ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ವಿಚಾರ ಮಾಡೋಣ.

ಮಾರ್ಗದ ಹಿನ್ನೆಲೆ

ಮುಂಬಯಿಯ ದಕ್ಷಿಣಕ್ಕಿರುವ ರೋಹಾದಿಂದ ಮಂಗಳೂರಿನವರೆಗೆ ಕರಾವಳಿಯಲ್ಲಿ ರೈಲು ಬೇಕೆಂಬುದು ಬಹಳ ಹಳೆಯ ಬೇಡಿಕೆ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು ರೈಲ್ವೆ ಮಂತ್ರಿಯಾಗಿದ್ದಾಗ, 1990ರ ಜುಲೈ ತಿಂಗಳಲ್ಲಿ ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. ಕೇಂದ್ರ ರೈಲ್ವೆ ಇಲಾಖೆಯೊಡನೆ ಮಹಾರಾಷ್ಟ್ರ, ಕರ್ನಾಟಕ, ಗೋವೆ ಮತ್ತು ಕೇರಳ ಸರಕಾರಗಳು ಇದಕ್ಕೆ ಬಂಡವಾಳ ಹಾಕಿದವು. ರೈಲ್ವೆ ಸೇವೆಯಿಂದ ಆಗತಾನೆ ನಿವೃತ್ತರಾಗಿದ್ದ ಇ. ಶ್ರೀಧರನ್ ಎಂಬ ಇಂಜಿನಿಯರರು ನಿಗಮದ ಮೊದಲ ಮುಖ್ಯಸ್ಥರಾದರು.

ಮಾರ್ಗದ ಉದ್ದ ಸುಮಾರು 760 ಕಿಲೋಮೀಟರು. ಒಂದು ಕಡೆ ಸಹ್ಯಾದ್ರಿ, ಇನ್ನೊಂದು ಕಡೆ ಅರಬ್ಬೀ ಸಮುದ್ರ, ನಡುವೆ ಲೆಕ್ಕವಿಲ್ಲದಷ್ಟು ಹೊಳೆಗಳು. ದೊಡ್ಡವು ಚಿಕ್ಕವು ಸೇರಿ ಸುಮಾರು 2000 ಸೇತುವೆಗಳನ್ನು ಕಟ್ಟಬೇಕಾಯಿತು, ತೊಂಬತ್ತರಷ್ಟು ಸುರಂಗಗಳನ್ನು ತೋಡಬೇಕಾಯಿತು. ನಮ್ಮ ಹೊನ್ನಾವರದ ಶರಾವತಿ ಸೇತುವೆ ಎರಡು ಕಿಲೋಮೀಟರಿಗಿಂತ ಉದ್ದವಾಗಿದ್ದು ಈ ಮಾರ್ಗದಲ್ಲಿಯೇ ಅತಿ ದೊಡ್ಡದು. ರತ್ನಾಗಿರಿಯ ಬಳಿ ಪಾನವಲ್ ಕಣಿವೆಯ ಸೇತುವೆ 64 ಮೀಟರು ಎತ್ತರದ್ದು. ಇಷ್ಟೆಲ್ಲವೂ ಮುಗಿದು 1998ರ ಜನವರಿ 26ರಂದು ಮಾರ್ಗ ಪೂರ್ತಿಯಾಗಿ ತೆರೆಯಿತು.

ರತ್ನಾಗಿರಿಯ ಸಮೀಪದ ಕರಬುಡೆ ಸುರಂಗ ಆರೂವರೆ ಕಿಲೋಮೀಟರು ಉದ್ದವಿದೆ. ಅದಕ್ಕಿಂತ ಎಷ್ಟೋ ಚಿಕ್ಕದಾದ ಪೆಡಣೆ ಸುರಂಗವೇ ಕೊನೆಯವರೆಗೂ ಕಾಡಿತು. ಕಾರಣ ಮಣ್ಣು. ಗಟ್ಟಿ ಬಂಡೆಯನ್ನು ಯಂತ್ರದಿಂದ ಕೊರೆಯಬಹುದು. ಕೊರೆದ ಮೇಲೆ ಬಂಡೆ ತನ್ನ ಭಾರವನ್ನು ತಾನೇ ಹೊತ್ತು ನಿಲ್ಲುತ್ತದೆ. ಪೆಡಣೆಯಲ್ಲಿ ಇದ್ದದ್ದು ನೀರು ಕುಡಿದ ಮೆತ್ತನೆಯ ಜೇಡಿಮಣ್ಣು. ಇಂಥ ಕಡೆ ಕೈಯಿಂದಲೇ ಸ್ವಲ್ಪ ಸ್ವಲ್ಪ ಅಗೆದು, ಅಗೆದಷ್ಟಕ್ಕೂ ಒಡನೆಯೇ ಆಧಾರ ಕೊಡುತ್ತಾ ಹೋಗಬೇಕು. ಅಗೆದದ್ದು ಮತ್ತೆ ಕುಸಿದು, ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾದ ಸಂದರ್ಭಗಳು ಬಂದವು.

ಮೊದಲು ಕಾಣುವವನು ಯಾರು?

ಸುರಂಗದ ಕೆಲಸವನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಎಲ್ಲಕ್ಕಿಂತ ಒಳಗೆ, ಅಗೆಯುವ ಮಣ್ಣಿನ ಎದುರಿಗೆ, ಕೂಲಿಕಾರ ನಿಂತಿರುತ್ತಾನೆ. ಅವನ ಹಿಂದೆ ಮುಕಾದಮ. ಹೊರಗೆ ಮೇಲ್ವಿಚಾರಕ, ಕಚೇರಿಯಲ್ಲಿ ಇಂಜಿನಿಯರರು, ದೂರದ ಪಟ್ಟಣದಲ್ಲಿ ಮುಖ್ಯಾಧಿಕಾರಿಗಳು. ಛಾವಣಿಯಿಂದ ತೊಟ್ಟಿಕ್ಕುವ ತಿಳಿನೀರು ಕೆಸರಾಗತೊಡಗಿದರೆ, ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದು ಅರ್ಥ. ಆಧಾರದ ಕಮಾನು ಕಿರುಗುಟ್ಟಿದರೆ ಮೇಲಿನ ಭಾರ ಸರಿಯುತ್ತಿದೆ ಎಂದು ಅರ್ಥ. ಇದು ಮೊದಲು ಯಾರ ಕಣ್ಣಿಗೆ, ಯಾರ ಕಿವಿಗೆ ಬೀಳುತ್ತದೆ? ಕೂಲಿಕಾರನಿಗೆ. ಕೆಲಸ ನಿಲ್ಲಿಸಿ, ಜನರನ್ನು ಹೊರಗೆ ಕರೆಸಿ, ಬೇರೆ ಉಪಾಯ ಹೂಡುವ ಅಧಿಕಾರ ಯಾರಿಗಿದೆ? ದೂರದಲ್ಲಿರುವವರಿಗೆ.

ನಾವು ಈ ಲೇಖನದಲ್ಲಿ ಹೇಳಬೇಕೆಂದಿರುವ ಮುಖ್ಯ ಮಾತು ಇಷ್ಟೇ: ಅಪಾಯವನ್ನು ಎಲ್ಲರಿಗಿಂತ ಮೊದಲು ಕಾಣುವವನು ಅಧಿಕಾರದಲ್ಲಿ ಎಲ್ಲರಿಗಿಂತ ಕೆಳಗಿನವನು. ಅವನ ಮಾತು ಅಂಜಿಕೆಯಿಲ್ಲದೆ ಮೇಲಕ್ಕೆ ಹತ್ತುವಂತಿದ್ದರೆ ಮತ್ತು ಮೇಲಿನವರ ತೀರ್ಮಾನ ತಡವಿಲ್ಲದೆ ಕೆಳಕ್ಕೆ ಇಳಿಯುವಂತಿದ್ದರೆ ಮಾತ್ರ ಅದು ತಂಡ. ಇಲ್ಲದಿದ್ದರೆ ಅದು ಬರಿಯ ಗುಂಪು.

ಒಂದು: ಮಾತು

ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಹೇಳುತ್ತಾರೆ. ಕೆಲಸದ ಜಾಗದಲ್ಲಿ ಮಾತು ಬಲ್ಲವನೆಂದರೆ ಚೆನ್ನಾಗಿ ಭಾಷಣ ಮಾಡುವವನಲ್ಲ. ಏನು, ಎಲ್ಲಿ, ಯಾವಾಗ ಎಂಬ ಮೂರನ್ನು ಸ್ಪಷ್ಟವಾಗಿ ಹೇಳುವವನು. "ಅಲ್ಲೇನೋ ಸರಿಯಿಲ್ಲ" ಎಂದರೆ ಯಾರಿಗೂ ಪ್ರಯೋಜನವಿಲ್ಲ. "ಎಡಗಡೆಯ ಮೂರನೆಯ ಕಂಬದ ಬುಡದಲ್ಲಿ ಊಟದ ಹೊತ್ತಿನಿಂದ ಬಿರುಕು ಕಾಣುತ್ತಿದೆ" ಎಂದರೆ ಕೇಳಿದವನು ಒಡನೆ ಎದ್ದು ಹೋಗಬಹುದು.

ಹೇಳಿದರೆ ಮುಗಿಯಲಿಲ್ಲ, ಕೇಳಿದವನಿಗೆ ಅದು ಮುಟ್ಟಿತೇ ಎಂದು ಖಚಿತ ಮಾಡಿಕೊಳ್ಳಬೇಕು. ಇದಕ್ಕೆ ರೈಲ್ವೆಯಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಸ್ಟೇಷನ್ ಮಾಸ್ತರರು ಗೇಟಿನವನಿಗೆ ಫೋನ್ ಮಾಡಿ, ರೈಲು ಬರುತ್ತಿದೆ, ಗೇಟು ಹಾಕು ಎನ್ನುತ್ತಾರೆ. ಅವನು "ಆಯಿತು" ಎಂದರೆ ಸಾಲದು. ಗೇಟು ಹಾಕಿದ ಮೇಲೆ ತನ್ನ ಹಾಳೆಯಲ್ಲಿರುವ ಒಂದು ಗುಪ್ತ ಸಂಖ್ಯೆಯನ್ನು ಹೇಳಬೇಕು. ಇದಕ್ಕೆ ಪ್ರೈವೇಟ್ ನಂಬರ್ ಎಂದು ಹೆಸರು. ಅದನ್ನು ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ಮಾತು ಮುಟ್ಟಿತೆಂದು ಲೆಕ್ಕ. ಒಬ್ಬರ ಮೇಲೊಬ್ಬರಿಗೆ ಸಂಶಯವಿದೆಯೆಂದು ಹೀಗೆ ಮಾಡುವುದಿಲ್ಲ. ಗದ್ದಲದಲ್ಲಿ, ನಿದ್ದೆಯ ಮಂಪರಿನಲ್ಲಿ, ಅವಸರದಲ್ಲಿ ಯಾರ ಕಿವಿಯೂ ತಪ್ಪು ಕೇಳಬಹುದು ಎಂದು ಒಪ್ಪಿಕೊಂಡು ಮಾಡಿದ ಏರ್ಪಾಡು ಇದು.

ಭಾಷೆಯ ವಿಷಯವೂ ಇಲ್ಲಿ ಬರುತ್ತದೆ. ಮ್ಹಾಪಸಾದಂಥ ಊರಿನಲ್ಲಿ ಒಂದೇ ಕಟ್ಟಡದ ಕೆಲಸದಲ್ಲಿ ಕನ್ನಡ, ಕೊಂಕಣಿ, ಮರಾಠಿ, ಹಿಂದಿ ನಾಲ್ಕೂ ಕೇಳಿಬರುತ್ತವೆ. ಭಾಷೆ ಬಾರದವನು ಅನೇಕ ಸಲ ತಿಳಿಯದಿದ್ದರೂ ತಲೆಯಾಡಿಸಿಬಿಡುತ್ತಾನೆ. ತಿಳಿಯಲಿಲ್ಲ ಎನ್ನುವುದಕ್ಕೆ ನಾಚಿಕೆ. ಇದು ನಾಚಿಕೆಪಡುವ ಸಂಗತಿಯಲ್ಲ. ಇನ್ನೊಮ್ಮೆ ಕೇಳಿದರೆ ಹೋಗುವುದು ಅರ್ಧ ನಿಮಿಷ. ಕೇಳದಿದ್ದರೆ ಏನು ಹೋಗುತ್ತದೆಂದು ಮೊದಲೇ ಹೇಳಲು ಬರುವುದಿಲ್ಲ.

ಎರಡು: ವಿಶ್ವಾಸ

ವಿಶ್ವಾಸ ಎಂಬುದು ಉಪದೇಶದಿಂದ ಬರುವುದಿಲ್ಲ, ಹೊಣೆ ವಹಿಸಿಕೊಡುವುದರಿಂದ ಬರುತ್ತದೆ. ಕೊಂಕಣ ರೈಲ್ವೆಯನ್ನು ಕಟ್ಟುವಾಗ ಇಡೀ ಮಾರ್ಗವನ್ನು ಏಳು ವಿಭಾಗಗಳಾಗಿ ಹಂಚಿ, ಒಂದೊಂದನ್ನೂ ಒಬ್ಬೊಬ್ಬ ಮುಖ್ಯ ಇಂಜಿನಿಯರರಿಗೆ ವಹಿಸಲಾಯಿತು. ಗೋವೆ ಒಂದು ವಿಭಾಗ, ಕಾರವಾರ ಒಂದು, ಉಡುಪಿ ಒಂದು. ಸ್ಥಳದಲ್ಲಿ ಆಗಬೇಕಾದ ತೀರ್ಮಾನಗಳನ್ನು ಸ್ಥಳದಲ್ಲಿದ್ದವರೇ ಮಾಡಬಹುದಾಗಿತ್ತು. ಪ್ರತಿಯೊಂದಕ್ಕೂ ಮೇಲಕ್ಕೆ ಕಾಗದ ಬರೆದು ಉತ್ತರಕ್ಕೆ ಕಾದಿದ್ದರೆ ಏಳೆಂಟು ವರ್ಷಗಳಲ್ಲಿ ಇಂಥ ಕೆಲಸ ಆಗುತ್ತಿರಲಿಲ್ಲ. ಕಚೇರಿಗಳಲ್ಲಿ ಹಿಮ್ಮುಖವಾಗಿ ಓಡುವ ಗಡಿಯಾರಗಳನ್ನು ತೂಗುಹಾಕಿದ್ದರು. ಮುಗಿಸಬೇಕಾದ ದಿನಕ್ಕೆ ಇನ್ನೆಷ್ಟು ದಿನ ಉಳಿದಿದೆ ಎಂಬುದನ್ನು ಅವು ತೋರಿಸುತ್ತಿದ್ದವು. ಗುರಿ ಗುಟ್ಟಾಗಿರಲಿಲ್ಲ. ಜವಾನನಿಂದ ಹಿಡಿದು ಮುಖ್ಯಸ್ಥರವರೆಗೆ ಎಲ್ಲರ ಕಣ್ಣಿಗೂ ಒಂದೇ ಅಂಕಿ ಬೀಳುತ್ತಿತ್ತು.

ಇದಕ್ಕಿಂತ ದೊಡ್ಡ ಉದಾಹರಣೆ ಮಳೆಗಾಲದಲ್ಲಿ ಇಂದಿಗೂ ಕಾಣಸಿಗುತ್ತದೆ. ಈ ಮಾರ್ಗದಲ್ಲಿ ಗುಡ್ಡ ಕುಸಿಯುವ, ಬಂಡೆ ಉರುಳುವ ಜಾಗಗಳಿವೆ. ಜೋರು ಮಳೆಯ ರಾತ್ರಿಯಲ್ಲಿ ಗಸ್ತಿನವನು ಕೈಯಲ್ಲಿ ದೀಪ ಹಿಡಿದು ಹಳಿಯ ಗುಂಟ ನಡೆಯುತ್ತಾನೆ. ಹಳಿಯ ಮೇಲೆ ಮಣ್ಣು ಬಿದ್ದಿರುವುದನ್ನು ಕಂಡರೆ ಅವನು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಕೆಂಪು ದೀಪ ತೋರಿಸಿ, ಹಳಿಯ ಮೇಲೆ ಸದ್ದು ಮಾಡುವ ಡಿಟೊನೇಟರುಗಳನ್ನಿಟ್ಟು, ಸಾವಿರ ಜನರನ್ನು ಹೊತ್ತ ಎಕ್ಸ್‌ಪ್ರೆಸ್ ರೈಲನ್ನು ಅವನೊಬ್ಬನೇ ನಿಲ್ಲಿಸಬಹುದು. ನಿಲ್ಲಿಸಲೇಬೇಕು. ಸಂಬಳದ ಪಟ್ಟಿಯಲ್ಲಿ ಕೆಳಗಿನ ಸಾಲಿನಲ್ಲಿರುವವನ ಕೈಗೆ ಇಷ್ಟು ದೊಡ್ಡ ಅಧಿಕಾರವನ್ನು ಕೊಟ್ಟಿರುವುದೇ ವಿಶ್ವಾಸ. ಒಮ್ಮೆ ಅವನು ಸಂಶಯದಿಂದ ರೈಲು ನಿಲ್ಲಿಸಿ, ನೋಡಿದಾಗ ಅಪಾಯವೇನೂ ಇಲ್ಲದಿದ್ದರೂ ಅವನನ್ನು ಗದರಿಸಬಾರದು. ಗದರಿಸಿದರೆ ಮುಂದಿನ ಸಲ ಅವನ ಕೈ ಹಿಂಜರಿಯುತ್ತದೆ.

ಈ ಎಚ್ಚರ ಎಷ್ಟು ಬೆಲೆ ತೆತ್ತು ಬಂದದ್ದೆಂಬುದನ್ನು ಮರೆಯಬಾರದು. 2003ರ ಜೂನ್ 22ರಂದು ಮಹಾರಾಷ್ಟ್ರದ ವೈಭವವಾಡಿಯ ಬಳಿ ಕುಸಿದ ಗುಡ್ಡಕ್ಕೆ ರೈಲು ಡಿಕ್ಕಿ ಹೊಡೆದು ಐವತ್ತರಷ್ಟು ಜನ ಸತ್ತರು. ಮರುವರ್ಷ ಜೂನ್ 16ರಂದು ಕರಂಜಾಡಿಯ ಬಳಿ ಹಳಿಗೆ ಬಿದ್ದ ಬಂಡೆಯಿಂದ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಅಪಘಾತಕ್ಕೆ ಈಡಾಯಿತು. ಆಮೇಲೆ ಗುಡ್ಡಗಳ ಇಳಿಜಾರನ್ನು ತಗ್ಗಿಸುವ, ಬಂಡೆಗಳಿಗೆ ಬಲೆ ಹಾಕುವ ಮತ್ತು ಗಸ್ತನ್ನು ಬಿಗಿ ಮಾಡುವ ಕೆಲಸಗಳು ಹೆಚ್ಚಿದವು. ಮಳೆಗಾಲಕ್ಕೆ ಬೇರೆ ವೇಳಾಪಟ್ಟಿಯಿದೆ. ದಾರಿ ಸರಿಯಾಗಿ ಕಾಣದಷ್ಟು ಮಳೆ ಸುರಿದರೆ ಚಾಲಕರು ಗಂಟೆಗೆ 40 ಕಿಲೋಮೀಟರಿಗೆ ವೇಗ ಇಳಿಸಬೇಕೆಂದು ಸೂಚನೆಯಿದೆ.

ಮೂರು: ಮುಂದಾಳುತನ

ಮುಂದಾಳು ಎಂದರೆ ಎಲ್ಲರಿಗಿಂತ ಎತ್ತರದ ಕುರ್ಚಿಯಲ್ಲಿ ಕುಳಿತು ಆಜ್ಞೆ ಮಾಡುವವನು ಎಂದು ಅನೇಕರು ತಿಳಿಯುತ್ತಾರೆ. ಶ್ರೀಧರನ್‌ರ ಬಾಳಿನ ಒಂದು ಪ್ರಸಂಗ ಬೇರೆಯೇ ಅರ್ಥ ಹೇಳುತ್ತದೆ. 1964ರ ಡಿಸೆಂಬರಿನಲ್ಲಿ ಚಂಡಮಾರುತ ಬಡಿದು ರಾಮೇಶ್ವರಕ್ಕೆ ಹೋಗುವ ಪಾಂಬನ್ ರೈಲುಸೇತುವೆ ಹಾಳಾಯಿತು. ಅದನ್ನು ಮತ್ತೆ ನಿಲ್ಲಿಸಲು ರೈಲ್ವೆ ಆರು ತಿಂಗಳು ಎಂದು ಗೊತ್ತುಮಾಡಿತು. ಆ ಮೇಲೆ ಅವಧಿಯನ್ನು ಮೂರು ತಿಂಗಳಿಗೆ ಇಳಿಸಿತು. ಆಗ ಮೂವತ್ತೆರಡು ವರ್ಷದ ತರುಣರಾಗಿದ್ದ ಶ್ರೀಧರನ್ ಅದನ್ನು 46 ದಿನಗಳಲ್ಲಿ ಮುಗಿಸಿಕೊಟ್ಟರು. ಹೇಗೆ? ಹೊಸ ಗರ್ಡರುಗಳು ಬರುವವರೆಗೆ ಕಾಯದೆ, ಕೊಚ್ಚಿಹೋಗಿ ಸಮುದ್ರದ ತಳದಲ್ಲಿ ಬಿದ್ದಿದ್ದ ಗರ್ಡರುಗಳನ್ನೇ ಅಲ್ಲಿನ ಮೀನುಗಾರರ ನೆರವಿನಿಂದ ಪತ್ತೆ ಹಚ್ಚಿ, ಮೇಲೆತ್ತಿ ಕೂರಿಸಿದರು. ಸಮುದ್ರದ ತಳದಲ್ಲಿ ಏನಿದೆ ಎಂಬುದು ಇಂಜಿನಿಯರರಿಗಿಂತ ಬಲೆ ಬೀಸುವವನಿಗೆ ಹೆಚ್ಚು ಗೊತ್ತು. ಅವನ ಮಾತನ್ನು ಕೇಳುವ ಕಿವಿ ಇದ್ದವನೇ ಮುಂದಾಳು. ಕೊಂಕಣ ರೈಲ್ವೆಯ ತರುವಾಯ ದಿಲ್ಲಿಯ ಮೆಟ್ರೊ ರೈಲನ್ನು ಕಟ್ಟಿಸಿದವರೂ ಇವರೇ. 2008ರಲ್ಲಿ ಇವರಿಗೆ ಪದ್ಮವಿಭೂಷಣ ಪ್ರಶಸ್ತಿ ಬಂದಿತು.

ಆದರೆ ಒಬ್ಬರ ಹೆಸರನ್ನು ಹೊಗಳಿ ಮುಗಿಸಿದರೆ ಪಾಠ ಅರ್ಧವಾಗುತ್ತದೆ. ರತ್ನಾಗಿರಿ ನಿಲ್ದಾಣದಲ್ಲಿ ಒಂದು ಶ್ರಮಶಕ್ತಿ ಸ್ಮಾರಕವಿದೆ. ಮಾರ್ಗವನ್ನು ಕಟ್ಟುವಾಗ ಜೀವ ತೆತ್ತ ಕೆಲಸಗಾರರ ನೆನಪಿಗಾಗಿ ಅದನ್ನು ನಿಲ್ಲಿಸಲಾಗಿದೆ. ಮುಂದಾಳಿನ ಯೋಗ್ಯತೆಯನ್ನು ಅಳೆಯುವಾಗ ಎಷ್ಟು ಬೇಗ ಮುಗಿಸಿದರು ಎಂಬುದರ ಜೊತೆಗೆ, ಬೆಳಿಗ್ಗೆ ಕೆಲಸಕ್ಕೆ ಹೋದವರೆಲ್ಲ ಸಂಜೆ ಮನೆಗೆ ಬಂದರೇ ಎಂಬ ಪ್ರಶ್ನೆಯನ್ನೂ ಕೇಳಬೇಕು.

ತಂಡದ ಹೊರಗಿನವರೊಡನೆಯೂ ಮಾತು ಬೇಕು. ಈ ಮಾರ್ಗಕ್ಕಾಗಿ ಸುಮಾರು 42 ಸಾವಿರ ಜನರ ಜಮೀನು ಪಡೆಯಬೇಕಾಯಿತು. ಗೋವೆಯಲ್ಲಿ ಮಾರ್ಗವು ತಗ್ಗಿನ ಖಾಜಾನ್ ಗದ್ದೆಗಳಿಗೂ ಹಳೆಯ ಗೋವೆಯ ಪುರಾತನ ತಾಣಗಳಿಗೂ ಹಾನಿ ಮಾಡೀತೆಂದು ಜನರು ಚಳವಳಿ ಹೂಡಿದರು. 1993ರಲ್ಲಿ ಕೇಂದ್ರ ಸರಕಾರ ನಿವೃತ್ತ ನ್ಯಾಯಮೂರ್ತಿ ಓಝಾ ಅವರ ಆಯೋಗವನ್ನು ನೇಮಿಸಿತು, ಕೆಲಸ ತಿಂಗಳುಗಟ್ಟಲೆ ನಿಂತಿತು. ಯಾರ ವಾದ ಎಷ್ಟು ಸರಿ ಎಂಬುದನ್ನು ಇಲ್ಲಿ ತೀರ್ಮಾನಿಸುವುದು ನಮ್ಮ ಉದ್ದೇಶವಲ್ಲ. ಒಂದು ಕೆಲಸದಿಂದ ಯಾರ ಹೊಲ, ಯಾರ ಮನೆ ಮುಟ್ಟುತ್ತದೆಯೋ ಅವರೊಡನೆ ಕೆಲಸ ಶುರುವಾಗುವ ಮುಂಚೆಯೇ ಕೂತು ಮಾತನಾಡುವುದು ಲೇಸು ಎಂಬುದನ್ನು ಮಾತ್ರ ನೆನಪಿಡಬೇಕು.

ಸುರಂಗ ಇನ್ನೂ ಪಾಠ ಹೇಳುತ್ತಿದೆ

ಪೆಡಣೆಯ ಸುರಂಗ ಮುಗಿದು ಎಷ್ಟೋ ವರ್ಷಗಳಾದವು. ಆದರೂ ಆ ಮಣ್ಣು ಸುಮ್ಮನಿಲ್ಲ. 2020ರ ಆಗಸ್ಟ್ 6ರ ನಸುಕಿನಲ್ಲಿ ಸುರಂಗದ ಒಳಗೋಡೆಯ ಒಂದು ಭಾಗ ಕುಸಿಯಿತು. ದುರಸ್ತಿಯಾಗುವವರೆಗೆ ರೈಲುಗಳನ್ನು ಮೀರಜ, ಲೋಂಡಾಗಳ ಮೇಲಿಂದ ತಿರುಗಿಸಿ ಕಳಿಸಿದರು. 2024ರ ಜುಲೈ 9 ಮತ್ತು 10ರಂದು ಸುರಂಗದೊಳಗೆ ನೀರು ಉಕ್ಕಿ ಮತ್ತೆ ಸಂಚಾರ ನಿಂತಿತು. ಪ್ರಯಾಣಿಕರಿಗೆ ತೊಂದರೆಯಾಯಿತು, ನಿಜ. ಆದರೆ ನಿಂತ ರೈಲು ಬಿದ್ದ ರೈಲಿಗಿಂತ ಸಾವಿರ ಪಾಲು ಮೇಲು. ತಂಡ ಒಮ್ಮೆ ಕಟ್ಟಿ ಬಿಡುವ ವಸ್ತುವಲ್ಲ, ದಿನವೂ ಕಾಯ್ದುಕೊಳ್ಳಬೇಕಾದ ವಸ್ತು ಎಂಬುದನ್ನು ಈ ಸುರಂಗ ತೋರಿಸಿಕೊಡುತ್ತಿದೆ.

ನಮ್ಮ ನಿತ್ಯದ ಕೆಲಸದಲ್ಲಿ

ಇದೆಲ್ಲ ರೈಲ್ವೆಯಂಥ ದೊಡ್ಡ ಸಂಸ್ಥೆಗೆ ಸರಿ, ನಮಗೇನು ಎಂದು ಪಾಲಕರು ಕೇಳಬಹುದು. ಬಿಜಾಪುರ, ಬಾಗಲಕೋಟೆ, ಗದಗ, ಬೆಳಗಾವಿ ಸೀಮೆಗಳಿಂದ ಗೋವೆಗೆ ಬಂದು ಗೌಂಡಿ ಕೆಲಸ, ಸೆಂಟ್ರಿಂಗ್ ಕೆಲಸ ಮಾಡುವ ಕುಟುಂಬಗಳು ಅನೇಕ. ಸ್ಲ್ಯಾಬ್ ಹಾಕುವ ದಿನವನ್ನು ನೆನೆಯಿರಿ. ಸೆಂಟ್ರಿಂಗಿನವರು, ಸಲಾಕೆ ಕಟ್ಟುವವರು, ಕಾಂಕ್ರೀಟು ಕಲಸುವವರು, ಬುಟ್ಟಿ ಹೊರುವವರು ಎಲ್ಲರೂ ಒಂದೇ ದಿನ ಒಂದೇ ಉಸಿರಿನಲ್ಲಿ ಕೆಲಸ ಮಾಡಬೇಕು. ಕೆಳಗೆ ಆಧಾರದ ಕಂಬವೊಂದು ಸರಿದಿರುವುದನ್ನು ಬುಟ್ಟಿ ಹೊರುವ ಹೆಣ್ಣುಮಗಳು ಕಂಡಳೆನ್ನೋಣ. "ಅಣ್ಣಾ, ಈ ಕಂಬ ನೋಡ್ರಿ" ಎಂದು ಆಕೆ ಮೇಸ್ತ್ರಿಗೆ ಹೇಳಬಲ್ಲಳೇ? ಹೇಳಿದರೆ ಅವನು "ನಿನ್ನ ಕೆಲಸ ನೀ ನೋಡಿಕೊ" ಎನ್ನುವನೇ, ಅಥವಾ ಕೆಲಸ ನಿಲ್ಲಿಸಿ ಬಗ್ಗಿ ನೋಡುವನೇ? ಮೇಲೆ ನಿಂತಿರುವ ಹತ್ತು ಹನ್ನೆರಡು ಜನರ ಜೀವ ಆ ಒಂದು ಉತ್ತರದ ಮೇಲೆ ನಿಂತಿರುತ್ತದೆ. 2014ರ ಜನವರಿ 4ರಂದು ಗೋವೆಯ ಕಾಣಕೋಣದಲ್ಲಿ ಕಟ್ಟುತ್ತಿದ್ದ ಕಟ್ಟಡವೊಂದು ಕುಸಿದು ಮೂವತ್ತು ಜನರಿಗಿಂತ ಹೆಚ್ಚು ಸತ್ತರು. ಕಟ್ಟಡದ ಕೆಲಸದಲ್ಲಿ ಅಪಾಯ ಎಷ್ಟು ಹತ್ತಿರದಲ್ಲಿರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಶಾಲೆಯಲ್ಲಿ ಕಲಿಯುವುದೂ ಇದನ್ನೇ. ವಿಜ್ಞಾನ ಪ್ರದರ್ಶನಕ್ಕೆ ಐದು ಮಕ್ಕಳು ಕೂಡಿ ಒಂದು ಮಾದರಿ ಮಾಡುತ್ತಾರೆ. ಒಬ್ಬ ಜಾಣ ಎಲ್ಲವನ್ನೂ ತಾನೇ ಮಾಡಿ, ಉಳಿದ ನಾಲ್ವರು ನೋಡುತ್ತ ನಿಂತರೆ ಬಹುಮಾನ ಬರಬಹುದು, ತಂಡ ಬೆಳೆಯುವುದಿಲ್ಲ. ಕೆಲಸ ಹಂಚಿಕೊಳ್ಳಿರಿ. ಯಾರ ಪಾಲು ಯಾವುದೆಂದು ಕಾಗದದಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಹಚ್ಚಿರಿ. ಕಬಡ್ಡಿ, ಖೋ-ಖೋ ಆಟದಲ್ಲಿ ನಾಯಕನಾದವನು ಸೋತ ದಿನ "ನಾವು ಸೋತೆವು" ಎನ್ನಲಿ, ಗೆದ್ದ ದಿನ ಇತರರ ಹೆಸರು ಹೇಳಲಿ. ಹೀಗೆ ಮಾಡುವ ನಾಯಕನಿಗೆ ಜೊತೆಯವರು ತಮ್ಮ ಕಷ್ಟ ಮುಚ್ಚಿಡುವುದಿಲ್ಲ.

ಮನೆಯೂ ಒಂದು ತಂಡವೇ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದದ್ದನ್ನು ಮಗು ಹೆದರುತ್ತ ಬಂದು ಹೇಳಿದಾಗ ಹೇಳಿದ ಕ್ಷಣಕ್ಕೇ ಏಟು ಬಿದ್ದರೆ, ಮಗು ಗಣಿತ ಕಲಿಯುವುದಿಲ್ಲ, ಮುಚ್ಚಿಡುವುದನ್ನು ಕಲಿಯುತ್ತದೆ. ಮುಂದೆ ದೊಡ್ಡ ಸಂಕಟ ಬಂದಾಗಲೂ ಬಾಯಿ ಬಿಡುವುದಿಲ್ಲ. ಆದ್ದರಿಂದ ಕೆಟ್ಟ ಸುದ್ದಿ ತಂದವರಿಗೆ ಮೊದಲು "ಹೇಳಿದ್ದು ಒಳ್ಳೆಯದಾಯಿತು" ಎನ್ನೋಣ. ತಿದ್ದುವ ಮಾತು ಆಮೇಲೆ ಬರಲಿ.

ನೆನಪಿಡಬೇಕಾದ ಅಂಶಗಳು

1. ಕಂಡದ್ದನ್ನು ಏನು, ಎಲ್ಲಿ, ಯಾವಾಗ ಎಂದು ಸ್ಪಷ್ಟವಾಗಿ ಹೇಳಬೇಕು. ತಿಳಿಯದಿದ್ದರೆ ಮತ್ತೆ ಕೇಳಬೇಕು.
2. ಹೊಣೆ ಕೊಟ್ಟವರಿಗೆ ಅದಕ್ಕೆ ತಕ್ಕ ಅಧಿಕಾರವನ್ನೂ ಕೊಡಬೇಕು.
3. ಎಚ್ಚರಿಕೆ ಕೊಟ್ಟವನನ್ನು, ಅವನ ಸಂಶಯ ಸುಳ್ಳಾದರೂ, ಗದರಿಸಬಾರದು.
4. ಮುಂದಾಳಾದವನು ಹೇಳುವುದಕ್ಕಿಂತ ಹೆಚ್ಚು ಕೇಳಬೇಕು.

ವಿಚಾರ ಮಾಡಿರಿ

1. ಗಟ್ಟಿ ಬಂಡೆಯ ಸುರಂಗಕ್ಕಿಂತ ಮೆತ್ತನೆಯ ಮಣ್ಣಿನ ಸುರಂಗ ಏಕೆ ಕಷ್ಟ?
2. ಗೇಟಿನವನು "ಆಯಿತು" ಎಂದರೆ ಸಾಲದೇಕೆ? ನಿಮ್ಮ ಶಾಲೆಯಲ್ಲಿ ಇಂಥ ಪದ್ಧತಿ ಯಾವ ಕೆಲಸಕ್ಕೆ ಬಂದೀತು?
3. ನಿಮ್ಮ ತಂದೆತಾಯಿಗಳು ಕೆಲಸ ಮಾಡುವ ಜಾಗದಲ್ಲಿ ಅಪಾಯವನ್ನು ಮೊದಲು ಕಾಣುವವರು ಯಾರು? ಅವರು ಅದನ್ನು ಯಾರಿಗೆ ಹೇಳುತ್ತಾರೆ? ಮನೆಯಲ್ಲಿ ಕೇಳಿ ಬರೆಯಿರಿ.

ಮೂರನೆಯ ಪ್ರಶ್ನೆಗೆ ಉತ್ತರ ಯಾವ ಪುಸ್ತಕದಲ್ಲಿಯೂ ಸಿಗುವುದಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಮಕ್ಕಳು ಕೇಳಲಿ, ಪಾಲಕರು ಬಿಡುವು ಮಾಡಿಕೊಂಡು ಹೇಳಲಿ.